ಎರಡು ತೋಳೂ ಸಮನಾಗಿ ಬಾಗಬೇಕು

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲೇ ರಿಕರ್ವ್ ಬಿಲ್ಲು ಮಾಡುವುದು ಹೇಗೆ, ಮಾಡಿದ ಮೇಲೆ ಅದನ್ನು ಹದಕ್ಕೆ ತರುವುದು ಹೇಗೆ ಅಂತ ಇವತ್ತು ಹೇಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಕೆಲಸ ಮುಗಿಸಿ ರೇಡಿಯೊ ಹಚ್ಚಿಕೊಂಡು ಕೂತವರು ನೀವು. ಕತ್ತಿ, ಉಳಿ, ಕೀಸುಳಿ ಹಿಡಿದು ಗೊತ್ತಿರುವ ಕೈ ನಿಮ್ಮದು. ಅಂಥವರಿಗೆ ಈ ಕೆಲಸ ಬಹಳ ಬೇಗ ಹತ್ತುತ್ತದೆ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಬಿಲ್ಲಿನ ಎರಡು ತೋಳೂ ಸಮನಾಗಿ ಬಾಗಬೇಕು. ಕೈಯಲ್ಲಿ ಹಿಡಿಯುವ ಜಾಗದಿಂದ ಮೇಲಿನದು ಮೇಲಿನ ತೋಳು, ಕೆಳಗಿನದು ಕೆಳಗಿನ ತೋಳು, ಎರಡೂ. ದುಬಾರಿ ಮರ ಬೇಡ, ದುಬಾರಿ ಅಂಟು ಬೇಡ, ಬಣ್ಣವಂತೂ ಬೇಡವೇ ಬೇಡ. ಸಮನಾಗಿ ಬಾಗಿದರೆ ಅದು ಬಿಲ್ಲು. ಇಲ್ಲದಿದ್ದರೆ ಸೌದೆ.

ಬಿಲ್ಲು ನಮ್ಮ ಕಡೆಗೆ ಹೊಸದಲ್ಲ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು ನೋಡಿದ್ದೀರಿ ಅಲ್ವಾ? ಬಳ್ಳಿಗಾವಿ, ಸೊರಬದ ಕಡೆ ಊರೂರಿನಲ್ಲೂ ವೀರಗಲ್ಲುಗಳಿವೆ. ಅವುಗಳ ಕೆಳಗಿನ ಸಾಲಿನಲ್ಲಿ ಯುದ್ಧ ಕೆತ್ತಿರುತ್ತಾರೆ. ಅಲ್ಲಿ ಬಿಲ್ಲು ಹಿಡಿದವರು ಎಷ್ಟೋ ಕಡೆ ಸಿಗುತ್ತಾರೆ. ಈಗಲೂ ನಮ್ಮ ದೇಶದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗ ಇದೆ. ಅದನ್ನು ಬಿದಿರು, ಮರದ ಬಿಲ್ಲಿನಲ್ಲೇ ಆಡಬೇಕು. ರಾಜಸ್ಥಾನದ ಲಿಂಬಾ ರಾಮ್, ಜಾರ್ಖಂಡಿನ ದೀಪಿಕಾ ಕುಮಾರಿ ಇಬ್ಬರೂ ಮೊದಲು ಹಿಡಿದದ್ದು ಬಿದಿರಿನ ಬಿಲ್ಲನ್ನೇ. ಆಮೇಲೆ ಒಲಿಂಪಿಕ್ಸ್‌ಗೆ ಹೋದರು. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಬಾಣ ಬಿಡುವುದು ರಿಕರ್ವ್ ಬಿಲ್ಲಿನಿಂದ.

ರಿಕರ್ವ್ ಅಂದರೆ ಏನು? ಸಾದಾ ಬಿಲ್ಲು ತುದಿಯವರೆಗೂ ನಮ್ಮ ಕಡೆಗೇ ಬಾಗಿರುತ್ತದೆ. ರಿಕರ್ವ್ ಬಿಲ್ಲಿನ ತುದಿಗಳು ಮಾತ್ರ ಆಚೆಗೆ, ಗುರಿಯ ಕಡೆಗೆ ತಿರುಗಿರುತ್ತವೆ. ಹೆದೆ ಏರಿಸಿದಾಗ ಅದು ಆ ತಿರುವಿನ ಮೇಲೆ ಮಲಗಿರುತ್ತದೆ. ಎಳೆದಂತೆ ನಿಧಾನವಾಗಿ ಮೇಲೆದ್ದು ಬರುತ್ತದೆ. ಇದರಿಂದ ಎಳೆತದ ಕೊನೆಯಲ್ಲಿ ಬಿಲ್ಲು ಏಕಾಏಕಿ ಬಿಗಿಯುವುದಿಲ್ಲ. ಅಷ್ಟೇ ಉದ್ದದ ಸಾದಾ ಬಿಲ್ಲಿಗಿಂತ ಜಾಸ್ತಿ ಶಕ್ತಿಯೂ ತೋಳಿನಲ್ಲಿ ಕೂಡಿಕೊಳ್ಳುತ್ತದೆ. ಬಾಣಕ್ಕೆ ವೇಗ ಬರುವುದು ಅಲ್ಲಿಂದ.

ಈಗ ಬಿದಿರು. ಕಾಡಿಗೆ ಹೋಗಿ ಕಡಿಯಬೇಡಿ. ನಿಮ್ಮ ಹಿತ್ತಲಿನ ಹಿಂಡಿಲಿನದು ಅಥವಾ ಡಿಪೋದಲ್ಲಿ ದುಡ್ಡು ಕೊಟ್ಟು ತಂದದ್ದು ಸಾಕು. ಕಳಲೆಯಾಗಿ ಮೇಲೆ ಬಂದ ಮಳೆಗಾಲದಿಂದ ಎಣಿಸಿ ಮೂರು ವರ್ಷ ದಾಟಿದ ಗಳ ಬೇಕು. ಎಳೆಯದರಲ್ಲಿ ಸಿಹಿ ಜಾಸ್ತಿ, ಕುಟ್ಟೆ ಹುಳ ಬಿಡುವುದಿಲ್ಲ. ಬುಡದ ಕಡೆಯ ಗಟ್ಟಿ ಭಾಗ ತೆಗೆದುಕೊಳ್ಳಿ. ಸೀಳಿದ ಪಟ್ಟಿಗಳಲ್ಲಿ ತೋಳಿನ ಪ್ರತಿ ಪದರಕ್ಕೂ ಒಂದೇ ಗಳದ, ಅಕ್ಕಪಕ್ಕದ ಎರಡು ಪಟ್ಟಿ ಆರಿಸಿ. ಒಂದು ಮೇಲಿನ ತೋಳಿಗೆ, ಇನ್ನೊಂದು ಕೆಳಗಿನದಕ್ಕೆ. ಆಗ ಗೆಣ್ಣುಗಳು ಹಿಡಿಯಿಂದ ಒಂದೇ ದೂರಕ್ಕೆ ಬೀಳುತ್ತವೆ. ಎರಡು ತೋಳು ಸಮನಾಗಿ ಬಾಗುವ ಕೆಲಸ ಅಲ್ಲಿಂದಲೇ ಶುರು.

ಒಣಗಿಸುವುದರಲ್ಲಿ ಅವಸರ ಬೇಡ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಾಗಿಲೇ ಉಬ್ಬಿ ಕೂತು ಮುಚ್ಚಲು ಬರುವುದಿಲ್ಲ. ಬಿದಿರು ಸುಮ್ಮನಿರುತ್ತದೆಯೇ? ದೀಪಾವಳಿ ಕಳೆದ ಮೇಲೆ ಕಡಿಯಿರಿ, ಸೀಳಿ, ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ವಾರಕ್ಕೊಮ್ಮೆ ಇಳಿಸಿ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು. ಹಸಿ ಬಿದಿರಿನ ಬಿಲ್ಲು ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿದುಬಿಡುತ್ತದೆ.

ತೆಳ್ಳಗೆ, ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಪಟ್ಟಿಗಳನ್ನು ಹೆರೆದು ಒಂದೊಂದು ತೋಳಿಗೂ ಮೂರು ಪದರ ಒಂದರ ಮೇಲೊಂದು ಅಂಟಿಸಿ. ಗುರಿಯ ಕಡೆಗೆ ಬರುವ ಪದರದ ಹೊರಮೈಯನ್ನು ಹಾಗೇ ಬಿಡಿ. ಬಿದಿರಿನ ಬಲವಾದ ನಾರು ಇರುವುದು ಸಿಪ್ಪೆಯ ಹತ್ತಿರವೇ. ಎಳೆದಾಗ ಹಿಗ್ಗುವ ಮೈಯೂ ಅದೇ. ಒಂದು ದಪ್ಪ ಹಲಗೆಯಲ್ಲಿ ತೋಳಿನ ಆಕಾರ ಕೊಯ್ದುಕೊಂಡು, ಆ ಅಚ್ಚಿನ ಮೇಲೆ ಪದರಗಳನ್ನು ಇಟ್ಟು, ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿ. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿಯೇ ಬೇಕು. ಬಿಳಿ ಮರದಂಟು ಬಿಗಿತದಲ್ಲಿ ಮೆಲ್ಲಗೆ ಜಾರುತ್ತದೆ. ಹಿಡಿಗೆ ಹೊನ್ನೆ, ಮತ್ತಿ, ತೇಗ ಯಾವುದಾದರೂ ಆಗುತ್ತದೆ. ಒಟ್ಟು ಉದ್ದ ಐದೂವರೆ ಅಡಿ ಇರಲಿ. ಹಿಡಿಯ ಹತ್ತಿರ ಒಂದೂವರೆ ಇಂಚು ಅಗಲ, ಕೊಪ್ಪಿನ, ಅಂದರೆ ಹೆದೆ ಸಿಕ್ಕಿಸುವ ತುದಿಯ ಹತ್ತಿರ ಅರ್ಧ ಇಂಚು. ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಕೈ ಹಚ್ಚಬೇಡಿ.

ಇನ್ನು ಮುಖ್ಯ ಕೆಲಸ. ತೋಳುಗಳನ್ನು ಹೆರೆದು ಹೆರೆದು ಸಮನಾಗಿ ಬಾಗಿಸುವುದು. ಇಂಗ್ಲಿಷಿನವರು ಟಿಲ್ಲರಿಂಗ್ ಅನ್ನುತ್ತಾರೆ. ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. ಅಗಲ ಎರಡರಷ್ಟಾದರೆ ತೋಳು ಎರಡರಷ್ಟು ಗಡುಸು. ದಪ್ಪ ಎರಡರಷ್ಟಾದರೆ ಎಂಟರಷ್ಟು ಗಡುಸು! ದಪ್ಪದಲ್ಲಿ ಹತ್ತನೇ ಒಂದು ಪಾಲು ತೆಗೆದರೆ ಗಡುಸಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಕೀಸುಳಿಯ ಒಂದೆರಡು ಎಳೆತಕ್ಕೆ ಒಂದು ತೋಳು ಸೋತುಬಿಡುತ್ತದೆ. ತೆಗೆದದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಇದಕ್ಕೆ ತೀರ್ಥಹಳ್ಳಿ ಕಡೆಯ ಒಬ್ಬ ಬಡಗಿಯ ವಿಷಯ ಹೇಳಲೇಬೇಕು. ಬಾಗಿಲು, ಕಿಟಕಿ, ಪತ್ತಾಯ ಮಾಡಿಕೊಂಡಿದ್ದ ಹಿರಿಯರು. ಬಿಲ್ಲನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಪಿಯುಸಿ ಓದುವ ಒಬ್ಬ ಹುಡುಗನನ್ನು ನಾನು ಅವರ ಹತ್ತಿರ ಕರೆದುಕೊಂಡು ಹೋಗಿದ್ದೆ. ಆ ಹುಡುಗ ಮೊದಲು ಮಾಡಿದ ಬಿಲ್ಲನ್ನು ಹೆದೆ ಏರಿಸಿದ ದಿನವೇ ಕಿವಿಯವರೆಗೆ ಎಳೆದಿದ್ದ. ಮೇಲಿನ ತೋಳು ಒಂದೇ ಜಾಗದಲ್ಲಿ ಮಡಚಿ ಮುರಿದಿತ್ತು. ಎರಡನೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಮುಖದಲ್ಲಿ ಅದೇ ಅವಸರ.

ಬಡಗಿ ಅಳತೆಪಟ್ಟಿ ಕೇಳಲಿಲ್ಲ. ಸುಣ್ಣ ಬಳಿದ ಗೋಡೆಗೆ ಒಂದು ಗೂಟ ಹೊಡೆದು ಬಿಲ್ಲಿನ ಹಿಡಿಯನ್ನು ಅದರ ಮೇಲೆ ಕೂರಿಸಿದರು. ಹೆದೆಗೆ ಹಗ್ಗ ಕಟ್ಟಿ ಕೆಳಕ್ಕೆ ಬಿಟ್ಟರು. ದೀಪ ಆರಿಸಿ, ಎದುರಿನ ಬೆಂಚಿನ ಮೇಲೆ ಟಾರ್ಚ್ ಹಚ್ಚಿಟ್ಟರು. ಹುಡುಗನ ಕೈಗೆ ಹಗ್ಗ ಕೊಟ್ಟು, "ಸ್ವಲ್ಪ ಎಳೆ, ಅಲ್ಲೇ ಹಿಡಿ" ಅಂದರು. ಗೋಡೆಯ ಮೇಲೆ ಬಿಲ್ಲಿನ ನೆರಳು ಬಿತ್ತು. ಒಲೆಯಿಂದ ತಂದ ಇದ್ದಿಲಿನಲ್ಲಿ ಆ ನೆರಳಿನ ಗೆರೆ ಎಳೆದರು. ಆಮೇಲೆ ಬಿಲ್ಲನ್ನು ಎಡ ಬಲ ತಿರುಗಿಸಿ ಅದೇ ಗೂಟದ ಮೇಲೆ ಕೂರಿಸಿ, ಅಷ್ಟೇ ಎಳೆಸಿ, ಅದೇ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದರು. ಬಲಗಡೆ ಎರಡು ಗೆರೆಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದು! ಒಂದು ತೋಳು ಚೆನ್ನಾಗಿ ಬಾಗುತ್ತಿದೆ, ಇನ್ನೊಂದು ನಡುವಿನಲ್ಲಿ ಸೆಟೆದು ನಿಂತಿದೆ. ಬಿಲ್ಲು ನೋಡಿದರೆ ಕಾಣದ್ದು ಗೋಡೆಯಲ್ಲಿ ಕಾಣುತ್ತಿತ್ತು.

ಹುಡುಗ ಕೀಸುಳಿಗೆ ಕೈ ಹಾಕಿದ. ಅವರು ಕೈ ಹಿಡಿದು ನಿಲ್ಲಿಸಿದರು. ಒಡೆದ ಗಾಜಿನ ಚೂರೊಂದನ್ನು ಕೊಟ್ಟು, ಸೆಟೆದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ನಮ್ಮ ಕಡೆಗೆ ಬರುವ ಮೈಯಲ್ಲಿ ಮಾತ್ರ ಹೆರೆಯಲು ಹೇಳಿದರು. ಹತ್ತು ಸಲ ಹೆರೆ, ಮೂವತ್ತು ಸಲ ಮೆಲ್ಲಗೆ ಎಳೆದು ಬಿಡು, ಆಮೇಲೆ ಗೆರೆ ನೋಡು. ಮತ್ತೆ ಹತ್ತು ಸಲ ಹೆರೆ. ಬಿದಿರಿಗೆ ತನ್ನ ಹೊಸ ಆಕಾರ ಗೊತ್ತಾಗಲು ಅಷ್ಟು ಸಲ ಎಳೆಯಲೇಬೇಕು. ಹುಡುಗ ಗೊಣಗಿದಾಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಒಂದೆತ್ತು ಎಳೆದು ಇನ್ನೊಂದೆತ್ತು ನಿಂತ್ರೆ ನೇಗಿಲು ಎತ್ಲಾಗೆ ಹೋಗ್ತದೆ ಮಾರಾಯ?" ಕಾಫಿ ಬಂತು, ಊಟ ಆಯಿತು, ಮಾರನೇ ಸಂಜೆ ಮತ್ತೆ ಹೋದೆವು. ಕೊನೆಗೆ ಗೋಡೆಯ ಮೇಲೆ ಎರಡು ಗೆರೆ ಸೇರಿ ಒಂದಾದವು. ಆಗಲೂ ಪೂರ್ತಿ ಎಳೆಯಲು ಬಿಡಲಿಲ್ಲ. ಇಂಚಿಂಚೇ ಜಾಸ್ತಿ ಮಾಡುತ್ತ, ಪ್ರತಿ ಇಂಚಿಗೂ ಗೆರೆ ನೋಡುತ್ತ ಹೋದರು. ಆ ಬಿಲ್ಲು ಈಗಲೂ ಚೆನ್ನಾಗಿದೆ.

ನೋಡಿ, ನೂರಾರು ವೀಡಿಯೊ ನೋಡಿ ಬಂದವರು ನನ್ನನ್ನು ಕೇಳುವುದು ಯಾವ ಎಣ್ಣೆ ಹಚ್ಚಲಿ, ಹಿಡಿಗೆ ಯಾವ ಚರ್ಮ ಸುತ್ತಲಿ ಅಂತ. ದಯವಿಟ್ಟು ಮೊದಲು ಗೋಡೆಗೆ ಗೂಟ ಹೊಡೆಯಿರಿ. ನೆರಳು ನೋಡಿ. ಎರಡು ತೋಳೂ ಸಮನಾಗಿ ಬಾಗುತ್ತಿವೆಯೇ? ಒಂದು ಜಾಗ ಜಾಸ್ತಿ ಬಾಗುತ್ತಿದ್ದರೆ ಆ ಜಾಗ ಮುಟ್ಟಬೇಡಿ, ಅದರ ಸುತ್ತಲಿನದನ್ನೆಲ್ಲ ಹೆರೆಯಿರಿ. ಹಿಡಿಯ ಬುಡ, ತುದಿಯ ತಿರುವು ಅಲ್ಲಾಡಬಾರದು. ನಡುವಿನ ಭಾಗ ದುಡಿಯಬೇಕು. ಹೆದೆ ಎರಡೂ ಕೊಪ್ಪಿನ ನಡುಗೆರೆಯಲ್ಲೇ ಇರಬೇಕು. ರಿಕರ್ವ್‌ನಲ್ಲಿ ತೋಳು ತಿರುಚಿಕೊಂಡರೆ ಹೆದೆ ಪಕ್ಕಕ್ಕೆ ಜಾರಿ ಬಿಲ್ಲೇ ಮಗುಚಿಕೊಳ್ಳುತ್ತದೆ. ಅಲ್ಲಿ ಹುಷಾರು.

ಕೊನೆಗೆ ಒಂದು ಸಣ್ಣ ವ್ಯತ್ಯಾಸ ಬಿಡಬೇಕು. ಬಾಣ ಕೂರುವುದು ಬಿಲ್ಲಿನ ನಟ್ಟನಡುವಿಗಿಂತ ಸ್ವಲ್ಪ ಮೇಲೆ. ಹಾಗಾಗಿ ಕೆಳಗಿನ ತೋಳು ಒಂಚೂರು ಗಡುಸಾಗಿರಲಿ. ಹೆದೆ ಏರಿಸಿ ಹಿಡಿಯ ಬುಡದಲ್ಲಿ ಹೆದೆಗೂ ತೋಳಿಗೂ ಇರುವ ಸಂದು ಅಳೆದರೆ ಮೇಲ್ಗಡೆ 3ರಿಂದ 6 ಮಿಲಿಮೀಟರ್ ಜಾಸ್ತಿ ಬರಬೇಕು. ಎಳೆದಾಗ ಸಮನಾಗಲಿ ಅಂತಲೇ ಇದು.

ಸಮಯ ಓಡುತ್ತಿದೆ. ಹದ ಮಾಡುವುದನ್ನು ಬೇಗ ಹೇಳುತ್ತೇನೆ. ಮೊದಲ ಬಿಲ್ಲು 25 ಪೌಂಡ್, ಅಂದರೆ ಸುಮಾರು 11 ಕಿಲೋ ಎಳೆತದ್ದೇ ಸಾಕು. ಈ ಎಳೆತವನ್ನು ಹೆದೆಯನ್ನು 28 ಇಂಚಿನವರೆಗೆ ಎಳೆದು ಅಳೆಯುವುದು ರೂಢಿ. ಹೆದೆಗೆ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರ ತನ್ನಿ. ಅದು ಸ್ವಲ್ಪ ಹಿಗ್ಗುತ್ತದೆ, ಕೊಪ್ಪಿಗೆ ಪೆಟ್ಟು ಕಡಿಮೆ. ಹೆದೆ ಏರಿಸಿದಾಗ ಹಿಡಿಯಿಂದ ಹೆದೆಗೆ ಏಳೂವರೆಯಿಂದ ಎಂಟೂವರೆ ಇಂಚು ಇರಲಿ. ಹೆದೆಗೆ ಹುರಿ ಜಾಸ್ತಿ ಹಾಕಿದರೆ ಈ ಸಂದು ಹೆಚ್ಚುತ್ತದೆ, ಬಿಚ್ಚಿದರೆ ಕಡಿಮೆಯಾಗುತ್ತದೆ. ಒಂದೊಂದು ಸುತ್ತು ಬದಲಿಸಿ ಬಾಣ ಬಿಡಿ. ಎಲ್ಲಿ ಸದ್ದು ಕಡಿಮೆಯಾಗಿ, ಕೈ ನಡುಗುವುದು ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ.

ಆಮೇಲೆ 15 ಮೀಟರ್ ದೂರದಿಂದ ಗರಿ ಇರುವ ಬಾಣ ಮೂರು, ಗರಿ ಇಲ್ಲದ ಅದೇ ಬಾಣ ಒಂದು ಬಿಡಿ. ಗರಿ ಇಲ್ಲದ್ದು ಉಳಿದವಕ್ಕಿಂತ ಕೆಳಗೆ ನೆಟ್ಟರೆ ಹೆದೆಯ ಮೇಲೆ ಬಾಣ ಕೂರಿಸುವ ಗಂಟು ಜಾಸ್ತಿ ಮೇಲಿದೆ, ಇಳಿಸಿ. ಮೇಲೆ ನೆಟ್ಟರೆ ಏರಿಸಿ. ಬಲಗೈಯವರಿಗೆ ಎಡಕ್ಕೆ ನೆಟ್ಟರೆ ಬಾಣದ ಕಡ್ಡಿ ಗಡುಸು, ಮುಂದಿನ ಮೊನೆ ಭಾರ ಮಾಡಿ. ಬಲಕ್ಕೆ ನೆಟ್ಟರೆ ಕಡ್ಡಿ ಬಳುಕು ಜಾಸ್ತಿ, ಸ್ವಲ್ಪ ಮೋಟು ಮಾಡಿ. ಎಡಗೈಯವರಿಗೆ ಇದು ತಿರುಗುಮುರುಗು. ನಾಲ್ಕೂ ಒಂದೇ ಕಡೆ ಬಂದವೋ, ಹದ ಆಯಿತು. ಎಷ್ಟು ಮಾಡಿದರೂ ಮೇಲೆ ಕೆಳಗೆ ಹಾರಾಡುತ್ತಿದ್ದರೆ ಬಾಣಕ್ಕೆ ಬೈಯಬೇಡಿ. ವಾಪಸ್ ಗೋಡೆಗೆ ಹೋಗಿ, ತೋಳುಗಳನ್ನು ನೋಡಿ.

ಬಾಣ ಇಲ್ಲದೆ ಬರೀ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳಿಗೇ ವಾಪಸ್ ಬಡಿದು ಬಿಲ್ಲು ಸೀಳುತ್ತದೆ. ಕೆಲಸ ಮುಗಿದ ಮೇಲೆ ಹೆದೆ ಇಳಿಸಿ ಇಡಿ. ಮಳೆಗಾಲದಲ್ಲಿ ಒಣ ಜಾಗದಲ್ಲಿ ಮಲಗಿಸಿ ಇಡಿ, ಗೋಡೆಗೆ ಒರಗಿಸಬೇಡಿ. ಪ್ರಾಣಿ, ಹಕ್ಕಿಗಳ ಕಡೆಗೆ ಬಿಲ್ಲು ಎತ್ತಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಗದ್ದೆಯ ಬದಿಯಲ್ಲಿ, ಹಿಂದೆ ಧರೆ ಇರುವ ಕಡೆ, ಒಣಹುಲ್ಲನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿ ಬಾಣ ಬಿಡಿ. ಹಿಂದೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ನಮಸ್ಕಾರ.