ಮೂರು ಪಲ್ಟಿ ಹೊಡೆದ ಚಿತ್ರಕಾರ

1939ರ ಲಂಡನ್. ಅಮೆರಿಕದ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಅವರ ಗ್ಯಾಲರಿ. ಚಿತ್ರ ನೋಡಲು ಬಂದ ಹೆಂಗಸೊಬ್ಬಳು ಕೇಳಿದಳಂತೆ, 'ಯಾರಿದು ಈ ಜಾನ್ ಟನ್ನಾರ್ಡ್?' ಅಂತ. ಅಲ್ಲೇ ಇದ್ದವನೊಬ್ಬ ಮೂರು ಪಲ್ಟಿ ಹೊಡೆದು ಅವಳ ಕಾಲ ಬಳಿ ಬಂದು ಬಿದ್ದ. 'ನಾನೇ' ಅಂದ. ಪೆಗ್ಗಿಯೇ ಬರೆದುಕೊಂಡಿರುವ ಮಾತಿದು. ಸ್ವಲ್ಪ ಉಪ್ಪು ಖಾರ ಹಚ್ಚಿರಬಹುದು, ಇರಲಿ ಬಿಡಿ.

ಈ ಟನ್ನಾರ್ಡ್ ಹುಟ್ಟಿದ್ದು 1900ರಲ್ಲಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ್ದು ಡಿಸೈನ್. ಆಮೇಲೆ ಬಟ್ಟೆ ಕಂಪನಿಗೆ, ಕಾರ್ಪೆಟ್ ಕಂಪನಿಗೆ ವಿನ್ಯಾಸ ಮಾಡಿಕೊಟ್ಟ. ಜ್ಯಾಝ್ ಬ್ಯಾಂಡಿನಲ್ಲಿ ಡ್ರಮ್ಸ್ ಬೇರೆ ಬಾರಿಸುತ್ತಿದ್ದ. 1930ರ ದಶಕದಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಕ್ಯಾಡ್ಜ್‌ವಿತ್ ಅನ್ನೋ ಮೀನುಗಾರರ ಊರಿಗೆ ಹೋಗಿ, ಹೆಂಡತಿ ಜೊತೆ ರೇಷ್ಮೆ ಬಟ್ಟೆಗೆ ಕೈಯಿಂದ ಅಚ್ಚು ಒತ್ತುವ ಕೆಲಸ ಶುರು ಮಾಡಿದ.

ಇಲ್ಲೇ ನನ್ನ ತಕರಾರು. ಇಂಥವರ ಬಗ್ಗೆ ಮಾತಾಡುವಾಗ ಹೊಟ್ಟೆಪಾಡಿಗೆ ಡಿಸೈನ್, ಆಮೇಲೆ ನಿಜವಾದ ಕಲೆ ಅಂತ ಎರಡು ಭಾಗ ಮಾಡಿಬಿಡುತ್ತೇವೆ. ಡಿಸೈನರ್ ಅಂದರೆ ಅರ್ಧ ಕಲಾವಿದ ಅನ್ನೋ ಹಾಗೆ. ಒಂದು ಸಲ ಅಚ್ಚು ಒತ್ತಿ ನೋಡಿ. ಮರದ ಅಚ್ಚಿನ ಅಂಚಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಸಾಕು, ಆ ತಪ್ಪು ಇಡೀ ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಅಂಥ ಕೆಲಸ ಮಾಡಿದ ಕೈಗೆ ಅಡ್ಡಾದಿಡ್ಡಿ ಗೆರೆ ಎಳೆಯಲು ಬರುವುದಿಲ್ಲ.

ಈಗ ಅವನ ಚಿತ್ರ ನೋಡಿ. ಇವನನ್ನು ಸರ್ರಿಯಲಿಸಂ, ಅಂದರೆ ಕನಸಿನಂಥ ವಿಚಿತ್ರ ಲೋಕ ಬರೆಯುವ ಕಲಾಪಂಥಕ್ಕೆ ಸೇರಿಸುತ್ತಾರೆ. ಸರ್ರಿಯಲಿಸಂ ಅಂದ ಕೂಡಲೇ ನಮಗೆ ಸ್ಪೇನಿನ ಚಿತ್ರಕಾರ ಡಾಲಿಯ ಕರಗುವ ಗಡಿಯಾರ ನೆನಪಾಗುತ್ತದೆ, ಅಲ್ವಾ? ಇಲ್ಲಿ ಏನೂ ಕರಗುವುದಿಲ್ಲ. ಖಾಲಿ ಕಡಲತೀರದಂಥ ಜಾಗ. ಅದರ ಮೇಲೆ ಯಾವುದೋ ಯಂತ್ರದ ಬಿಡಿಭಾಗದಂಥದ್ದು, ಬಿಗಿಯಾಗಿ ಎಳೆದು ಕಟ್ಟಿದ ತಂತಿಗಳು, ಆಚೆಗಿರುವುದು ಕಾಣುವಷ್ಟು ತೆಳುವಾದ ಹಾಳೆಗಳು. ಎಂಜಿನಿಯರ್ ಒಬ್ಬ ಅಳತೆ ಹಿಡಿದು ಕಟ್ಟಿದ ಹಾಗಿದೆ. ಆದರೆ ಅದು ಏನು ಕೆಲಸ ಮಾಡುತ್ತದೆ ಅಂತ ಯಾರಿಗೂ ಹೇಳಲಾಗದು. ಕನಸಿಗಿಂತ ಇದೇ ಜಾಸ್ತಿ ಕಾಡುತ್ತದೆ ನನಗೆ. ಕನಸಾದರೆ ಎಚ್ಚರವಾದ ಮೇಲೆ ಸುಮ್ನೆ ಮರೆತುಬಿಡಬಹುದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಟನ್ನಾರ್ಡ್ ಕಾರ್ನ್‌ವಾಲ್‌ನಲ್ಲೇ ಕರಾವಳಿ ಕಾವಲುಗಾರನಾಗಿದ್ದ. ಅದೇ ಕಡಲು, ಅದೇ ಬಂಡೆ, ಗಂಟೆಗಟ್ಟಲೆ ನೋಡುತ್ತಾ ಕೂರುವ ಕೆಲಸ. ಹುಳುಹುಪ್ಪಟೆ, ಗಿಡಗಳ ಹುಚ್ಚೂ ಇತ್ತು. 1960ರ ದಶಕದಲ್ಲಿ ಮನುಷ್ಯ ಬಾಹ್ಯಾಕಾಶಕ್ಕೆ ಹಾರಿದಾಗ ಇವನ ಚಿತ್ರಗಳಿಗೂ ಚಂದ್ರ, ಉಪಗ್ರಹ ಬಂದವು. ತೀರಿಕೊಂಡಿದ್ದು 1971ರಲ್ಲಿ.

1938ರಲ್ಲಿ ಬರೆದ 'ಸೈ' (Psi) ಅನ್ನೋ ಚಿತ್ರವನ್ನು ಪೆಗ್ಗಿ ತಾವೇ ಕೊಂಡರು. ಈಗ ಅದು ವೆನಿಸ್‌ನಲ್ಲಿರುವ ಅವರ ಸಂಗ್ರಹದಲ್ಲಿದೆ. ನೆಟ್ಟಿನಲ್ಲಿ ಹುಡುಕಿ, ಝೂಮ್ ಮಾಡಿ, ಬರೀ ಗೆರೆಗಳನ್ನು ನೋಡಿ. ಬಟ್ಟೆಯವನ ಕೈ ಕಾಣದಿದ್ದರೆ ಕೆಳಗೆ ಕಾಮೆಂಟಿನಲ್ಲಿ ನನ್ನನ್ನು ಬೈಯಿರಿ.