ಕ್ಯಾಮೆರಾ ಕಣ್ಣಿಂದ ಇಳಿಸಬೇಡಿ

ರಾಯಚೂರು ಸೀಮೆಯ ಕೇಳುಗರಿಗೆಲ್ಲ ನಮಸ್ಕಾರ. ಅಪ್ಪನದೋ ಚಿಕ್ಕಪ್ಪನದೋ ಹಳೇ ರೇಂಜ್‌ಫೈಂಡರ್ ಕ್ಯಾಮೆರಾ, ಅಂದರೆ ಲೆನ್ಸಿನಿಂದಲ್ಲದೆ ಬೇರೆ ಕಿಂಡಿಯಿಂದ ನೋಡುವ ಕ್ಯಾಮೆರಾ, ನಿಮ್ಮ ಬೀರುವಿನಲ್ಲಿದ್ದರೆ, ಈ ಮಾತು ನಿಮಗೇ. ಮುಂದಿನ ಫೋಟೋಗೆ ಫಿಲ್ಮ್ ರೀಲ್ ಎಳೆಯುವಾಗ ಕ್ಯಾಮೆರಾ ಕಣ್ಣಿಂದ ಇಳಿಸಬೇಡಿ. ಇವತ್ತು ನಾನು ಹೇಳೋದು ಇಷ್ಟೇ.

ಇಳಿಸೋದಾದರೂ ಯಾಕೆ? ಹಳೇ ಲೈಕಾ ಕ್ಯಾಮೆರಾಗಳಲ್ಲಿ ರೀಲ್ ಎಳೆಯಲು ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. 1954ರಲ್ಲಿ ಲೈಕಾ ಎಂ3 ಮಾದರಿ ಜೊತೆ ಹೆಬ್ಬೆರಳಿನ ಲಿವರ್ ಬಂತು. ಮೊದಮೊದಲು ಅದನ್ನೂ ಒಂದೊಂದು ಫೋಟೋಗೆ ಎರಡು ಸಲ ಎಳೆಯಬೇಕಿತ್ತು. ಎಡಗಣ್ಣಲ್ಲಿ ನೋಡುವವರಿಗಂತೂ ಆ ಹೆಬ್ಬೆರಳು ಬಲಗಣ್ಣಿಗೇ ಬಂದು ಚುಚ್ಚುತ್ತದೆ.

ಅದಕ್ಕೇ ಲೈಕಾವಿಟ್ ಅನ್ನೋ ಸಲಕರಣೆ. ಕ್ಯಾಮೆರಾದ ತಳದ ಮುಚ್ಚಳ ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸಬೇಕು. ಮಡಚಿಕೊಂಡಿರುವ ಕೊಕ್ಕೆ ಬಿಚ್ಚಿ ಎಡಗೈ ಬೆರಳಿಂದ ಸರ್ರನೆ ಎಳೆದರೆ ರೀಲೂ ಸರಿಯುತ್ತದೆ, ಶಟರೂ ಸಜ್ಜಾಗುತ್ತದೆ. ಕಣ್ಣು ಕಿಂಡಿಯಲ್ಲೇ ಇರುತ್ತದೆ! 1956ರ ಕ್ಯಾನನ್ ವಿಟಿ ಕ್ಯಾಮೆರಾದಲ್ಲಿ ಇಂಥ ಕೊಕ್ಕೆ ತಳದಲ್ಲೇ ಸೇರಿಕೊಂಡು ಬಂತು.

ಮುದಗಲ್ಲಿನ ಮೊಹರಂ ನೋಡಿದ್ದೀರಲ್ವಾ? ಒಮ್ಮೆ ಅಕ್ಕನ ಮಗನನ್ನು ಕರಕೊಂಡು ಹೋಗಿದ್ದೆ. ಗುಂಡಿ ತಿರುಗಿಸುವ ಕ್ಯಾಮೆರಾ ಅವನಿಗೆ, ಲೈಕಾವಿಟ್ ಇದ್ದದ್ದು ನನಗೆ. ಹಲಗೆ ಸದ್ದು ಏರಿತು, ಅಲಾಯಿ ದೇವರು ಮೆರವಣಿಗೆ ಹೊರಟಿತು, ಜನ ನುಗ್ಗಿದರು. ಹುಡುಗ ಒಂದು ಫೋಟೋ ತೆಗೆಯೋದು, ಕ್ಯಾಮೆರಾ ಎದೆಗೆ ಇಳಿಸೋದು, ಬೆವರುಗೈಯಲ್ಲಿ ಗುಂಡಿ ತಿರುವೋದು. ಮತ್ತೆ ಕಣ್ಣಿಗಿಟ್ಟರೆ ಎದುರಿಗೆ ಯಾರದೋ ಬೆನ್ನು! "ಮಾಮಾ, ದೇವರು ಎಲ್ಲಿ ಹೋತು?" ಅಂತ ಕೇಳ್ತಾನೆ. ಸುಮ್ನೆ ನನ್ನ ಕ್ಯಾಮೆರಾ ಅವನಿಗೆ ಕೊಟ್ಟೆ. ಆಮೇಲೆ ರೀಲ್ ತೊಳೆಸಿ ನೋಡಿದರೆ, ದೇವರಿಗೆ ಸಕ್ಕರೆ ಓದಿಸಲು ಬಂದ ಒಬ್ಬ ಅಜ್ಜಿ ಕೈ ಎತ್ತಿದ್ದು, ಸೆರಗು ಜಾರಿದ್ದು, ಬೊಚ್ಚುಬಾಯಲ್ಲಿ ನಕ್ಕಿದ್ದು, ಮೂರೂ ಸಾಲಾಗಿ ಬಿದ್ದಿವೆ. ಹುಡುಗ ಕ್ಯಾಮೆರಾ ಇಳಿಸಿರಲೇ ಇಲ್ಲ, ನೋಡಿ.

ಸ್ಟುಡಿಯೋ ಗಾಜಿನಾಚೆಯಿಂದ ಟೈಮ್ ಆಯ್ತು ಅಂತ ಆಗಲೇ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡ್ತೀನಿ. ನಮ್ಮ ಬಿಸಿಲಿಗೆ ಕೈ ಬೆವರುತ್ತದೆ, ಮಣಿಕಟ್ಟಿಗೆ ಪಟ್ಟಿ ಇರಲಿ. ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿ ನೇತುಹಾಕಿದರೆ ಬಟ್ಟೆಯ ಶಟರ್ ಸುಟ್ಟು ತೂತಾಗುತ್ತದೆ, ಲೆನ್ಸಿಗೆ ಮುಚ್ಚಳ ಹಾಕಿ. ಫೋಟೋ ಹೊಡೆಯುವಾಗ ಅದನ್ನು ತೆಗೆಯೋದು ಮರೀಬೇಡಿ, ಮುಚ್ಚಳ ಇದ್ದರೂ ಕಿಂಡಿಯಲ್ಲಿ ಎಲ್ಲ ಕಾಣುತ್ತಲೇ ಇರುತ್ತದೆ! ಒಣಹವೆಯಲ್ಲಿ ರೀಲನ್ನು ತುಂಬಾ ಜೋರಾಗಿ ಎಳೆದರೆ ಒಳಗೆ ಕಿಡಿ ಹಾರಿ ಫಿಲ್ಮ್ ಮೇಲೆ ಮಿಂಚಿನಂಥ ಗೆರೆ ಬೀಳಬಹುದು.

ಲೈಕಾವಿಟ್ ದುಬಾರಿ. ಒಂದು ಮಾದರಿಯದ್ದು ಇನ್ನೊಂದಕ್ಕೆ ಕೂರದೇ ಇರಬಹುದು. ದುಡ್ಡು ಕೊಡುವ ಮುಂಚೆ ಕ್ಯಾಮೆರಾ ಜೊತೆಗೇ ಒಯ್ದು ಹಾಕಿ ನೋಡಿ. ನಮಸ್ಕಾರ.