ಹಳೆ ಟ್ರ್ಯಾಕ್ಟರ್: ಬಣ್ಣಕ್ಕಲ್ಲ, ದುಡಿಮೆಗೆ ಬೆಲೆ ಕಟ್ಟಿ

[ದೃಶ್ಯ: ಅಂಗಳದಲ್ಲಿ ಹೊಸ ಪೇಂಟ್ ಹೊಡೆದ ಹಳೆ ಮಹೀಂದ್ರಾ 575]

ನಮಸ್ಕಾರ. ಹಳೆ ಟ್ರ್ಯಾಕ್ಟರ್ ನೋಡೋಕೆ ಹೊರಡೋ ಮುಂಚೆ ಮಾಲೀಕರಿಗೆ ಫೋನ್ ಮಾಡಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಣ್ಣ" ಅಂತ ಹೇಳಿಬಿಡಿ. ಬಿಸಿ ಇಂಜಿನ್ ಎಂಥದ್ದಾದ್ರೂ ಸ್ಟಾರ್ಟ್ ಆಗುತ್ತೆ. ಅದರ ನಿಜವಾದ ಶಕ್ತಿ ಗೊತ್ತಾಗೋದು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ. ಹೋದ ಕೂಡಲೇ ಇಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ರೆ ಇನ್ನೊಂದು ದಿನ ಬರ್ತೀವಿ ಅನ್ನಿ.

ಸ್ಟಾರ್ಟ್ ಮಾಡೋಕೆ ಮೊದಲು ಡಿಪ್‌ಸ್ಟಿಕ್, ಅಂದ್ರೆ ಇಂಜಿನ್ ಆಯಿಲ್ ಅಳೆಯೋ ಕಡ್ಡಿ, ಎಳೆದು ನೋಡಿ. ಆಯಿಲ್ ಕಪ್ಪಗಿದ್ರೆ ಚಿಂತೆಯಿಲ್ಲ, ಹಾಲು ಬೆರೆಸಿದ ಕಾಫಿ ಥರ ಇದ್ರೆ ನೀರು ಸೇರಿದೆ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲ್ತಿದ್ರೂ ಇಂಜಿನ್ ಬಿಚ್ಚೋ ಖರ್ಚು ನಿಮ್ಮ ತಲೆ ಮೇಲೇ.

[ಕ್ಲೋಸಪ್: ಆಯಿಲ್ ಹಾಕೋ ಬಾಯಿ, ಅಂಗೈ]

ಈಗ ಸ್ಟಾರ್ಟ್ ಮಾಡಿಸಿ, ಇಂಜಿನ್ ಬಿಸಿಯಾಗಲಿ. ಆಯಿಲ್ ಹಾಕೋ ಮುಚ್ಚಳ ತೆಗೆದು ಮೇಲೆ ಅಂಗೈ ಹಿಡೀರಿ. ಸ್ವಲ್ಪ ಗಾಳಿ ಬಂದ್ರೆ ಸಹಜ. ಬುಸುಬುಸು ಅಂತ ಹೊಗೆ ನುಗ್ಗಿದ್ರೆ ಪಿಸ್ಟನ್ ರಿಂಗು, ಸಿಲಿಂಡರ್ ಒಳಗಿನ ಲೈನರ್ ಸವೆದಿವೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯೂ ನಿಲ್ಲದಿದ್ರೆ ಆಯಿಲ್ ಉರೀತಿರೋದು ಖಚಿತ. ಈ ಮಹೀಂದ್ರಾ 575ರಲ್ಲಿ ನಾಲ್ಕು ಸಿಲಿಂಡರ್, ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್‌ನಲ್ಲಿ ಮೂರು. ಸಾಮಾನ್ಯವಾಗಿ ಎಲ್ಲಾ ಸಿಲಿಂಡರ್‌ಗಳ ಸೆಟ್ಟೂ ಒಟ್ಟಿಗೇ ಬದಲಿಸ್ತಾರೆ, ಖರ್ಚಿನ ಲೆಕ್ಕ ಹಾಗೇ ಹಾಕ್ಕೊಳ್ಳಿ.

ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರನ್ನ ನಾನಂತೂ ನಂಬಲ್ಲ. ಕೇಬಲ್ ಕಿತ್ತಿರ್ತಾರೆ, ಇಲ್ಲಾ ಮೀಟರೇ ಬದಲಾಗಿರುತ್ತೆ. ಗಾಡಿ ಎಲ್ಲಿ, ಏನು ದುಡಿದಿದೆ ಅಂತ ಕೇಳಿ. ಗಂಗಾವತಿ, ಸಿಂಧನೂರು ಕಡೆ ಕೇಜ್ ವೀಲ್ (ಕೆಸರಲ್ಲಿ ಓಡಿಸೋ ಕಬ್ಬಿಣದ ಚಕ್ರ) ಹಾಕಿ ಭತ್ತದ ಗದ್ದೆ ಕೆಸರು ಮಾಡಿದ ಗಾಡಿಯಾದ್ರೆ ಹಿಂದಿನ ಆಕ್ಸಲ್ ಸೀಲು, ಬ್ರೇಕ್ ನೋಡಿ. ಚಕ್ರದ ಒಳಬದಿ ಎಣ್ಣೆ ಸೋರಿದ ಗುರುತಿರುತ್ತೆ. ಬೆಳಗಾವಿ ಕಡೆ ಎರಡೆರಡು ಟ್ರೇಲರ್ ಕಬ್ಬು ಎಳೆದಿದ್ರೆ ಕ್ಲಚ್ಚು ಮತ್ತು ಹಿಂದಿನ ಹುಕ್ ನೋಡಿ. ಪಿನ್ ಹಾಕೋ ತೂತು ದುಂಡಗಿರಬೇಕು, ಸವೆದು ಉದ್ದಕ್ಕಾಗಿದ್ರೆ ಆ ಗಾಡಿ ಎಷ್ಟು ಭಾರ ಹೊತ್ತಿದೆ ಅಂತ ಅದೇ ಹೇಳುತ್ತೆ. ಇಂಜಿನ್, ಗೇರ್‌ಬಾಕ್ಸ್ ಕೂಡೋ ಜಾಗದಲ್ಲಿ ವೆಲ್ಡಿಂಗ್ ಕಂಡ್ರೆ ನನ್ನ ಸಲಹೆ ಒಂದೇ, ವಾಪಸ್ ಬನ್ನಿ.

[ದೃಶ್ಯ: ಕಲ್ಟಿವೇಟರ್ ಎತ್ತಿದ ಲಿಫ್ಟ್]

ಕಲ್ಟಿವೇಟರ್ ಎತ್ತಿಸಿ ಇಂಜಿನ್ ಆಫ್ ಮಾಡಿಸಿ. ಅದರ ಕೆಳಗೆ ಯಾರೂ ಹೋಗ್ಬೇಡಿ. ನೋಡನೋಡ್ತಿದ್ದಂತೆ ಇಳಿದ್ರೆ ಹೈಡ್ರಾಲಿಕ್‌ನಲ್ಲಿ, ಅಂದ್ರೆ ಎಣ್ಣೆ ಒತ್ತಡದಿಂದ ಎತ್ತೋ ವ್ಯವಸ್ಥೆಯಲ್ಲಿ, ಲೀಕ್ ಇದೆ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಅಲ್ಲಾಡಿಸಿ, ಚಕ್ರ ತಿರುಗಿಸೋ ಕಿಂಗ್‌ಪಿನ್, ಅದರ ಬುಷ್ ಸವೆದಿದ್ರೆ ಗೊತ್ತಾಗುತ್ತೆ. ಇದು ಸಣ್ಣ ಖರ್ಚು, ಇದಕ್ಕಾಗಿ ಗಾಡಿ ಬಿಡ್ಬೇಡಿ.

ಇನ್ನು ಬೆಲೆ. ಅದೇ ಮಾಡೆಲ್, ಅದೇ ವರ್ಷದ ಒಳ್ಳೆ ಗಾಡಿ ನಿಮ್ಮ ತಾಲ್ಲೂಕಲ್ಲಿ ಎಷ್ಟಕ್ಕೆ ಹೋಗ್ತಿದೆ ವಿಚಾರಿಸಿ. ಅದರಲ್ಲಿ ಹಿಂದಿನ ಟೈರ್ ಜೋಡಿ, ಕ್ಲಚ್, ಇಂಜಿನ್ ಕೆಲಸದ ಖರ್ಚನ್ನ ನಿಮ್ಮ ಮೆಕ್ಯಾನಿಕ್ ಬಾಯಲ್ಲೇ ಹೇಳಿಸಿ ಕಳೀರಿ. ಪೇಂಟಿಗೆ ಒಂದು ರೂಪಾಯಿನೂ ಸೇರಿಸ್ಬೇಡಿ.

ಕೊನೆಗೆ ಕಾಗದ. ಚಾಸಿ ನಂಬರನ್ನ ಆರ್‌ಸಿ ಜೊತೆ ಅಂಕಿ ಅಂಕಿ ಹೊಂದಿಸಿ. 15 ವರ್ಷ ದಾಟಿದ್ರೆ ನೋಂದಣಿ ನವೀಕರಣ ಆಗಿದೆಯಾ ನೋಡಿ. ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನೋ ಪತ್ರ), ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಬೇಕು, ಹೆಸರು ವರ್ಗಾವಣೆಗೆ ಫಾರ್ಮ್ 29, 30. ಇವಕ್ಕೆ ಸಹಿ ಬೀಳೋವರೆಗೂ ಅಡ್ವಾನ್ಸ್ ಮಾತ್ರ ಕೊಡಿ, ಅದಕ್ಕೂ ರಸೀದಿ ಬರೆಸಿಕೊಳ್ಳಿ.